ಪುಟ್ಟ ಮಗು ಜೊತೆ ಹೋಟೆಲ್ ತಿಂಡಿ

ನಮ್ಮ ಮಗಳಿಗೆ ಒಂದೂವರೆ ವರ್ಷ. ಭಾನುವಾರ ಒಂಬತ್ತೂವರೆಗೆ ತಿಂಡಿಗೆ ಹೋಗಿ, ಅರ್ಧ ಗಂಟೆ ಟೇಬಲ್‌ಗೆ ಕಾದು, ಅವಳ ಅಳು ತಡೆಯಲಾರದೆ ಪಾರ್ಸೆಲ್ ಕಟ್ಟಿಸಿಕೊಂಡು ಬಂದ ಮೇಲೆ ಬುದ್ಧಿ ಬಂತು. ಈಗ ಏಳೂವರೆಗೇ ಹೋಗುತ್ತೇವೆ. ಜನ ಕಡಿಮೆ, ಅವಳೂ ಖುಷಿಯಲ್ಲಿರುತ್ತಾಳೆ.

ಕೂತ ತಕ್ಷಣ ಮಗುವಿಗೆ ಒಂದು ಇಡ್ಲಿ ಹೇಳಿಬಿಡಿ. ನಮ್ಮ ದೋಸೆ ನಿಧಾನಕ್ಕೆ ಬರಲಿ. ಸಾಂಬಾರ್ ಬೇರೆ ಬಟ್ಟಲಲ್ಲಿ ಕೇಳಿ, ಮುಳುಗಿಸಿ ತಂದರೆ ಮಗುವಿಗೆ ಖಾರ ಜಾಸ್ತಿ. ಇಡ್ಲಿ ಮುರಿದು ಆರಲು ಬಿಡಿ, ಮೇಲೆ ತಣ್ಣಗಿದ್ದರೂ ಒಳಗೆ ಸುಡುತ್ತಿರುತ್ತದೆ. ಪೊಂಗಲ್ ಆದರೆ ಗೋಡಂಬಿ, ಕಾಳುಮೆಣಸು ಆರಿಸಿ ತೆಗೆಯಿರಿ. ಇಡೀ ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಹಾಕಿದ್ದು ಏನೂ ಬೇಡ.

ಬಿಸಿ ಕಾಫಿ ಲೋಟ ಹುಷಾರು. ಮಗು ತೊಡೆ ಮೇಲಿದ್ದಾಗ ಕುಡಿಯಲೇಬೇಡಿ. ಸಪ್ಲೈಯರ್ ಓಡಾಡುವ ದಾರಿ ಬಿಟ್ಟು ಗೋಡೆ ಪಕ್ಕ ಕೂರುವುದು ಒಳ್ಳೆಯದು. ಎತ್ತರದ ಕುರ್ಚಿ ಕೊಟ್ಟರೆ ಮೊದಲು ಬೆಲ್ಟ್ ಇದೆಯಾ ನೋಡಿ.

ಚೀಲದಲ್ಲಿ ಮಗುವಿನ ಚಮಚ, ಕುದಿಸಿ ಆರಿಸಿದ ನೀರು, ಒದ್ದೆ ಬಟ್ಟೆ ಇದ್ದರೆ ಸಾಕು. ಆಟಿಕೆ ಸುಮ್ನೆ ಭಾರ, ಖಾಲಿ ಲೋಟ ಮತ್ತು ಚಮಚ ಕೊಟ್ಟರೆ ಹತ್ತು ನಿಮಿಷ ಕಳೆಯುತ್ತದೆ. ಪಕ್ಕದ ಟೇಬಲ್‌ನವರು ಸ್ವಲ್ಪ ಸಹಿಸಿಕೊಳ್ಳಬೇಕು, ಅಷ್ಟೆ!