ಗೆಳೆಯನ ಮನೆ ಮ್ಯೂನಿಕ್‌ನಲ್ಲಿ, ಹೊರಡುವುದು ದಾವಣಗೆರೆಯಿಂದ

‘ಮನೆ ಐತಿ, ಊಟ ಐತಿ, ಒಂದು ಟಿಕೆಟ್ ಮಾಡಿಸ್ಕೊಂಡು ಬಂದ್‌ಬಿಡು’ ಎಂದು ಜರ್ಮನಿಯಲ್ಲಿರುವ ಗೆಳೆಯ ಫೋನಿನಲ್ಲಿ ಹೇಳಿದ ಮರುದಿನವೇ ಟಿಕೆಟ್ ಬುಕ್ ಮಾಡುವವರಿದ್ದಾರೆ. ಟಿಕೆಟ್ಟಿಗೆ ಹಣ ಕಟ್ಟುವುದು ಕೊನೆಯ ಕೆಲಸ. ಮೊದಲು ಪಾಸ್‌ಪೋರ್ಟು, ಆಮೇಲೆ ಗೆಳೆಯನ ಕಡೆಯ ಕಾಗದ, ಆಮೇಲೆ ವೀಸಾ, ಅದು ಕೈಗೆ ಬಂದ ಮೇಲೆ ಟಿಕೆಟ್ಟು. ಮೇ ತಿಂಗಳಲ್ಲಿ ಹೋಗುವುದಿದ್ದರೆ ಡಿಸೆಂಬರ್‌ನಲ್ಲೇ ಶುರು ಮಾಡಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಸಲ್ಲಿಸಬಹುದು. ಕೊನೆಯ 15 ದಿನಗಳೊಳಗೆ ಬಂದರೆ ಬಾಗಿಲು ಮುಚ್ಚಿರುತ್ತದೆ.

ಹೆಸರು ಮತ್ತು ಜಿಲ್ಲೆ

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಸಾಮಾನ್ಯ ಅರ್ಜಿಯಲ್ಲಿ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ; ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000. ಈಗಾಗಲೇ ಪಾಸ್‌ಪೋರ್ಟ್ ಇದ್ದವರು ಮೂರು ಸಂಗತಿ ನೋಡಿಕೊಳ್ಳಿ: ಕೊಟ್ಟು 10 ವರ್ಷ ದಾಟಿರಬಾರದು, ಯುರೋಪಿನಿಂದ ಹೊರಡುವ ದಿನದ ನಂತರವೂ 3 ತಿಂಗಳು ಜೀವ ಇರಬೇಕು, 2 ಪುಟ ಖಾಲಿ ಇರಬೇಕು.

ನಮ್ಮ ಕಡೆಯವರಿಗೆ ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಜಿ ಎಸ್’, ಆಧಾರಿನಲ್ಲಿ ‘ಮಂಜುನಾಥ’, ಪಹಣಿಯಲ್ಲಿ ‘ಮಂಜಪ್ಪ ಬಿನ್ ಶಿವಪ್ಪ’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ, ಆದರೆ ಮುಂದೆ ಟಿಕೆಟ್ ಮಾಡುವಾಗ ಕೊನೆಯ ಹೆಸರಿಲ್ಲದೆ ಪುಟ ಮುಂದಕ್ಕೆ ಸರಿಯುವುದಿಲ್ಲ. ಅಲ್ಲಿ ಏನು ತುಂಬಬೇಕು ಎಂಬುದಕ್ಕೆ ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು ಪದ್ಧತಿ, ಕೇಳಿಯೇ ತುಂಬಬೇಕು. ಹಾಗಾಗಿ ಹೊಸದಾಗಿ ಮಾಡಿಸುವವರು ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಎಂದು ಹಾಕಿಸಿಬಿಡುವುದು ಒಳ್ಳೆಯದು. ಭಾವಚಿತ್ರದ ಪುಟದ ತಳದಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ಕಾಣುತ್ತದಲ್ಲ, ಅದರ ಮೊದಲ ಸಾಲಿನಲ್ಲಿ ಸರ್‌ನೇಮ್ ಮೊದಲು, ಎರಡು ಬಾಣ ದಾಟಿ ನಿಮ್ಮ ಹೆಸರು. ವೀಸಾ, ವಿಮೆ, ಟಿಕೆಟ್ಟು ಮೂರರಲ್ಲೂ ಅದೇ ಅಕ್ಷರಗಳು ಬರಬೇಕು. ಬಸವರಾಜನಿಗೂ ಬಸವರಾಜುವಿಗೂ ಇಲ್ಲಿ ಯಾರೂ ವ್ಯತ್ಯಾಸ ಮಾಡುವುದಿಲ್ಲ, ಏರ್‌ಪೋರ್ಟಿನ ಕೌಂಟರಿನಲ್ಲಿ ಮಾಡುತ್ತಾರೆ.

ಊರಿನ ತೊಡಕೂ ಇದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಮೊದಲು ದಾವಣಗೆರೆ, ಹರಿಹರ, ಜಗಳೂರಿನಲ್ಲಿ ಹುಟ್ಟಿದವರ ಹಳೆಯ ದಾಖಲೆಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ. ಚನ್ನಗಿರಿ, ಹೊನ್ನಾಳಿಯವರದು ಶಿವಮೊಗ್ಗ. ಹರಪನಹಳ್ಳಿಯವರ ಪಾಡು ಇನ್ನೂ ಚಂದ: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಇಂಗ್ಲಿಷಿನಲ್ಲಿ ದಾವಣಗೆರೆಯನ್ನು ಬರೆಯುವುದೂ ಎರಡು ಬಗೆ, ನಡುವೆ ಒಂದು ‘ಎ’ ಇಟ್ಟು, ಇಡದೆ. ವೀಸಾ ಅರ್ಜಿಯಲ್ಲಿ ಯಾವುದು ಸರಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ ಇಳಿಸಿ.

ಗೆಳೆಯ ಮಾಡಬೇಕಾದದ್ದು

ಅರ್ಧ ಕೆಲಸ ಅವನದು. ಕನಿಷ್ಠ ಬೇಕಾದದ್ದು ಸಹಿ ಮಾಡಿದ ಆಹ್ವಾನ ಪತ್ರ. ಅದರಲ್ಲಿ ಅವನ ವಿಳಾಸ, ನಿಮ್ಮ ಪೂರ್ಣ ಹೆಸರು, ಜನ್ಮ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಬರುವ ಮತ್ತು ಹೋಗುವ ದಿನ, ಹೇಗೆ ಪರಿಚಯ, ಎಲ್ಲಿ ಮಲಗುತ್ತೀರಿ, ಖರ್ಚು ಯಾರದು ಎಂಬುದೆಲ್ಲ ಇರಬೇಕು. ಜತೆಗೆ ಅವನ ಪಾಸ್‌ಪೋರ್ಟ್, ವಾಸದ ಪರವಾನಗಿ ಮತ್ತು ವಿಳಾಸ ನೋಂದಣಿ ಪತ್ರದ ನಕಲು.

ಖರ್ಚು ಅವನೇ ನೋಡಿಕೊಳ್ಳುವುದಾದರೆ ಬರೀ ಪತ್ರ ಸಾಲದು. ಜರ್ಮನಿಯಲ್ಲಿ ಅದಕ್ಕೆ ಬೇರೆಯದೇ ಕಾಗದವಿದೆ: ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್. ಹೇಳುವುದಕ್ಕೇ ಉಸಿರು ಬಿಗಿ ಹಿಡಿಯಬೇಕು; ಅಲ್ಲಿರುವವರಿಗೆ ಇದು ಗೊತ್ತಿರುತ್ತದೆ. ಗೆಳೆಯ ತನ್ನ ಊರಿನ ವಿದೇಶಿಯರ ಕಚೇರಿಗೆ ಸಂಬಳದ ಚೀಟಿ, ಬಾಡಿಗೆ ಕರಾರು ಹಿಡಿದು ಹೋಗಿ 29 ಯೂರೊ ಕಟ್ಟಿ, ‘ಇವರ ಖರ್ಚಿಗೆ ನಾನು ಹೊಣೆ’ ಎಂದು ಬರೆದುಕೊಡಬೇಕು. ಅವನ ಆದಾಯ ಸಾಕೆಂದು ಕಚೇರಿ ಅದೇ ಹಾಳೆಯಲ್ಲಿ ಗುರುತು ಹಾಕುತ್ತದೆ. ಆ ಕಚೇರಿಯ ಅಪಾಯಿಂಟ್‌ಮೆಂಟಿಗೆ ಕೆಲವು ಊರುಗಳಲ್ಲಿ ವಾರಗಟ್ಟಲೆ ಕಾಯಬೇಕು. ಮೂಲಪ್ರತಿ ಕೊರಿಯರ್‌ನಲ್ಲಿ ನಿಮಗೆ ತಲುಪಬೇಕು, 6 ತಿಂಗಳೊಳಗೆ ಅದನ್ನು ಬಳಸಬೇಕು. ಫ್ರಾನ್ಸ್‌ನಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವವರು ಊರಿನ ಮೇಯರ್ ಕಚೇರಿಯಿಂದ ‘ಅತೆಸ್ತಾಸಿಯೋಂ ದಾಕ್ಯುಯ್’ ಎಂಬ ಪತ್ರ ತರಬೇಕು. ದೇಶ ಬದಲಾದರೆ ಕಾಗದವೂ ಬದಲಾಗುತ್ತದೆ.

ಇದು ಎಲ್ಲರಿಗೂ ಬೇಕೇ? ಸಂಬಳ, ಬ್ಯಾಂಕ್ ಖಾತೆ ಗಟ್ಟಿಯಾಗಿದ್ದವರಿಗೆ ಬೇಡ. ವಿದ್ಯಾರ್ಥಿಗಳು, ಗೃಹಿಣಿಯರು, ಆದಾಯ ತೆರಿಗೆ ಲೆಕ್ಕ ಸಲ್ಲಿಸದ ಕೃಷಿಕರು ತರಿಸಿಕೊಳ್ಳುವುದೇ ಜಾಣತನ.

ವೀಸಾ ಅರ್ಜಿ

ಯುರೋಪಿನ 29 ದೇಶಗಳ ಗುಂಪಿಗೆ ಷೆಂಗೆನ್ ಎಂದು ಹೆಸರು. ಅದರ ವೀಸಾ ಒಂದಿದ್ದರೆ ಅಷ್ಟೂ ದೇಶ ಸುತ್ತಬಹುದು, ಅರ್ಜಿ ಮಾತ್ರ ಹೆಚ್ಚು ರಾತ್ರಿ ತಂಗುವ ದೇಶಕ್ಕೆ. ಮ್ಯೂನಿಕ್‌ನಲ್ಲಿ 10 ರಾತ್ರಿ, ಪ್ಯಾರಿಸ್‌ನಲ್ಲಿ 3 ಎಂದರೆ ಜರ್ಮನಿಗೆ. ಫ್ರಾನ್ಸಿನ ಸ್ಲಾಟ್ ಬೇಗ ಸಿಗುತ್ತದೆಂದು ಅಲ್ಲಿಗೆ ಹಾಕಿದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ.

ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಸಮಯ ಗೊತ್ತುಮಾಡಿ, ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದು ಹೋಗಿ ಹತ್ತೂ ಬೆರಳ ಗುರುತು ಕೊಡಬೇಕು. ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ತಿರಸ್ಕೃತವಾದರೆ ಇದು ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನ, ಎಳೆದರೆ 45. ಫೋಟೊ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, ತಿಳಿ ಹಿನ್ನೆಲೆ. ಸ್ಟುಡಿಯೊದವರಿಗೆ ‘ಪಾಸ್‌ಪೋರ್ಟ್ ಸೈಜ್’ ಎನ್ನಬೇಡಿ, ಅಳತೆ ಹೇಳಿ. ಮುಖ ಬೆಳ್ಳಗೆ ಮಾಡುವ ಅವರ ಕೈಚಳಕವೂ ಬೇಡ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಲಿ, ಇಡೀ ಷೆಂಗೆನ್‌ಗೆ ಅನ್ವಯಿಸಲಿ. ಟಿಕೆಟ್ ಎಂದು ಈಗ ತೋರಿಸಬೇಕಾದದ್ದು ರಿಸರ್ವೇಷನ್ ಮಾತ್ರ.

ಸಂಬಳದಾರರಿಗೆ ಹಣದ ದಾಖಲೆ ಸುಲಭ: 3 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ರಜೆ ಮಂಜೂರಾತಿ ಪತ್ರ. ಅಡಿಕೆ, ಮೆಕ್ಕೆಜೋಳದ ಮನೆಯವರಿಗೆ ಹಾಗಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ತೆರಿಗೆ ಪತ್ರವೂ ಇಲ್ಲ. ಪಹಣಿ, ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಮಂಡಿಯ ಪಟ್ಟಿಗಳನ್ನು ಜೋಡಿಸಿ, ಕನ್ನಡದಲ್ಲಿರುವುದನ್ನೆಲ್ಲ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಎಕರೆ, ಗುಂಟೆ ಜರ್ಮನ್ ಅಧಿಕಾರಿಗೆ ತಿಳಿಯುವುದಿಲ್ಲ. ಒಂದು ಎಕರೆಗೆ 0.4 ಹೆಕ್ಟೇರ್ ಎಂದು ಪಕ್ಕದಲ್ಲಿ ಬರೆಸಿ. ಅರ್ಜಿಗೆ ಮುಂಚಿನ ವಾರ ಖಾತೆಗೆ ಇದ್ದಕ್ಕಿದ್ದಂತೆ ನಾಲ್ಕು ಲಕ್ಷ ಬಿದ್ದಿದ್ದರೆ, ಅದು ಸಾಲ ತಂದು ತೋರಿಸಿದ ಹಣ ಎಂಬ ಅನುಮಾನ ಸಹಜ. ಅಡಿಕೆ ಮಾರಿದ ದುಡ್ಡೇ ಆಗಿದ್ದರೆ ಅದೇ ದಿನಾಂಕದ ಪಟ್ಟಿಯನ್ನು ಆ ಸ್ಟೇಟ್‌ಮೆಂಟಿನ ಹಿಂದೆಯೇ ಪಿನ್ ಮಾಡಿ.

ತಿರಸ್ಕಾರಕ್ಕೆ ಹೆಚ್ಚಾಗಿ ಕಾಣುವ ಕಾರಣ ಎರಡು: ಪ್ರಯಾಣದ ಉದ್ದೇಶ ಸ್ಪಷ್ಟವಿಲ್ಲ, ಮರಳಿ ಹೋಗುತ್ತಾರೆಂಬ ನಂಬಿಕೆಯಿಲ್ಲ. ಪತ್ರದಲ್ಲಿ 14 ದಿನ, ಅರ್ಜಿಯಲ್ಲಿ 20, ವಿಮೆಯಲ್ಲಿ 12 ಎಂದಿದ್ದರೆ ಮೊದಲನೆಯ ಕಾರಣ ಸಿದ್ಧ. ಎರಡನೆಯದಕ್ಕೆ ನೌಕರಿ, ಜಮೀನು, ಅಂಗಡಿಯ ಜಿಎಸ್‌ಟಿ, ಶಾಲೆಗೆ ಹೋಗುವ ಮಕ್ಕಳು ಇವೇ ಉತ್ತರ. ಜರ್ಮನಿಯಲ್ಲಿ ಮೊದಲಿದ್ದ ಮರುಪರಿಶೀಲನೆಯ ಮನವಿ 2025ರ ಜುಲೈ 1ರಿಂದ ಇಲ್ಲ. ಉಳಿದದ್ದು ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯ.

ವೀಸಾ ಚೀಟಿ ಓದುವುದು

ಪಾಸ್‌ಪೋರ್ಟ್ ವಾಪಸ್ ಬಂದ ಕೂಡಲೇ ಅಂಟಿಸಿದ ಚೀಟಿಯನ್ನು ಸಾಲುಸಾಲಾಗಿ ಓದಿ. ‘ಇಂಥ ದಿನದಿಂದ – ಇಂಥ ದಿನದವರೆಗೆ’ ಎಂದು ಎರಡು ದಿನಾಂಕ ಇರುತ್ತವೆ, ಅದರ ಕೆಳಗೆ ದಿನಗಳ ಲೆಕ್ಕ ಬೇರೆಯೇ ಇರುತ್ತದೆ. ಮೇ 10ರಿಂದ ಜೂನ್ 7 ಎಂದು ಮೇಲಿದ್ದು ಕೆಳಗೆ 14 ಎಂದಿದ್ದರೆ, ನೀವು ಇರಬಹುದಾದದ್ದು 14 ದಿನ ಮಾತ್ರ. ಮೇಲಿನ ಅವಧಿ ಪ್ರಯಾಣ ಹಿಂದೆ ಮುಂದೆ ಆದರೆ ಇರಲೆಂದು ಸೇರಿಸಿದ್ದು. ಜೂನ್ 7ರವರೆಗೆ ಇರಬಹುದೆಂದು ತಿಳಿದು ಟಿಕೆಟ್ ಮುಂದೂಡಿದವರು ವಾಪಸ್ ಬರುವಾಗ ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ: ಮೇ 10ಕ್ಕೆ ಇಳಿದರೆ 23ಕ್ಕೆ ಹೊರಡಲೇಬೇಕು. ಪ್ರವೇಶದ ಜಾಗದಲ್ಲಿ ‘01’ ಇದ್ದರೆ ಒಂದೇ ಸಲ ಒಳಗೆ. ಸ್ವಿಟ್ಜರ್ಲೆಂಡಿಗೆ ಹೋಗಿಬರಬಹುದು, ಅದು ಷೆಂಗೆನ್ ಒಳಗಿದೆ. ಲಂಡನ್ ಹೊರಗಿದೆ. ಟಿಕೆಟ್ ಅಗ್ಗವೆಂದು ಲಂಡನ್ ಮೂಲಕ ಹೋಗುವವರು ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ನಿಯಮ ನೋಡದೆ ಹಣ ಕಟ್ಟಬೇಡಿ.

ಚೀಲದಲ್ಲಿ ಏನು ಬೇಡ

ಬೆಣ್ಣೆ ಬೇಡ. ದಾವಣಗೆರೆಯಿಂದ ಹೋಗುವವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೊರಗಿನ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥವನ್ನು ಚೀಲದಲ್ಲಿ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಜಾನುವಾರು ರೋಗ ಹರಡೀತು ಎಂಬುದು ಕಾರಣ. ತುಪ್ಪ, ಪೇಡ, ಖೋವಾ ಸಿಹಿ ಎಲ್ಲ ಇದರಲ್ಲೇ ಬಂತು. ಹಸಿ ಕರಿಬೇವು, ಮಾವಿನಹಣ್ಣು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿಗೆ ತೊಂದರೆಯಿಲ್ಲ. ಮಂಡಕ್ಕಿ ತೂಕದಲ್ಲಿ ಹಗುರ, ಜಾಗ ಮಾತ್ರ ತಿನ್ನುತ್ತದೆ. ಒಣ ಕೊಬ್ಬರಿಯನ್ನು ಚೆಕ್-ಇನ್ ಚೀಲದಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಿ: ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಪಾಯಸದ ಲೆಕ್ಕವಲ್ಲ.

ಗೆಳೆಯ ಬೀಡಿನ ಕಾವಲಿ ಕೇಳಿದರೆ ಒಯ್ಯಿರಿ. ಅಲ್ಲಿಯ ಇಂಡಕ್ಷನ್ ಒಲೆಗೆ ಬೀಡು ಹೊಂದುತ್ತದೆ, ಅಲ್ಯೂಮಿನಿಯಂ ಇಡ್ಲಿ ಪಾತ್ರೆ ಬಿಸಿಯೇ ಆಗುವುದಿಲ್ಲ. ಕಾವಲಿ ಮೂರ್ನಾಲ್ಕು ಕೆ.ಜಿ. ತೂಗುತ್ತದೆ ಎಂಬುದು ನೆನಪಿರಲಿ. ಒಂದು ಚೀಲಕ್ಕೆ ಸಾಮಾನ್ಯ ಮಿತಿ 23 ಕೆ.ಜಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಗುಳಿಗೆಗಳ ಜತೆ ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಇರಲಿ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿಯ ಸಾಕೆಟ್ಟಿಗೆ ಹೋಗುತ್ತದೆ, ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಹೊರಡುವ ರಾತ್ರಿ

ಯುರೋಪಿನ ಹಲವು ವಿಮಾನಗಳು ಬೆಂಗಳೂರು ಬಿಡುವುದು ನಡುರಾತ್ರಿ ದಾಟಿದ ಮೇಲೆ. ಟಿಕೆಟ್ಟಿನಲ್ಲಿ ‘ಮೇ 10, 03:00’ ಎಂದಿದ್ದರೆ ನೀವು ಮನೆ ಬಿಡುವುದು 9ನೇ ತಾರೀಖು ಸಂಜೆ. 10ರ ರಾತ್ರಿ ಚೀಲ ಹಿಡಿದು ಬಂದವರಿಗೆ ವಿಮಾನ ಅಂದಿನ ಬೆಳಗಿನ ಜಾವವೇ ಹೋಗಿರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200. ಕಾರಿನಲ್ಲಿ ಹೋಗುವವರು ನಗರಕ್ಕೆ ನುಗ್ಗದೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿಯಿರಿ. ರೈಲು, ಬಸ್ಸಿನವರಿಗೆ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿದೆ. ಮೂರು ಗಂಟೆ ಮೊದಲು ಟರ್ಮಿನಲ್ ಒಳಗಿರಬೇಕು.

ಆಹ್ವಾನ ಪತ್ರ, ವಿಮೆ, ವಾಪಸ್ ಟಿಕೆಟ್ಟು ಕೈಚೀಲದಲ್ಲಿ, ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದ ಮೇಲೆ. ಗಡಿಯಲ್ಲಿ ಕೇಳುವುದು ಮೂರೇ ಪ್ರಶ್ನೆ: ಯಾಕೆ, ಎಲ್ಲಿ, ಎಷ್ಟು ದಿನ. 2025ರ ಅಕ್ಟೋಬರ್ 12ರಿಂದ ಮುದ್ರೆ ಒತ್ತುವ ಬದಲು ಮುಖದ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಶುರುವಾಗಿದೆ, ದಿನಗಳ ಲೆಕ್ಕ ಯಂತ್ರವೇ ಇಡುತ್ತದೆ.

ಇಳಿದ ಮೇಲೆ

ಮ್ಯೂನಿಕ್ ಏರ್‌ಪೋರ್ಟಿನಿಂದ ಊರೊಳಗೆ ಎಸ್1, ಎಸ್8 ರೈಲು. ಯಂತ್ರದಲ್ಲಿ ಕೊಂಡ ಕಾಗದದ ಟಿಕೆಟ್ಟಿನಲ್ಲಿ ದಿನ, ಸಮಯ ಇಲ್ಲದಿದ್ದರೆ ಪ್ಲಾಟ್‌ಫಾರಂಗೆ ಇಳಿಯುವ ಮೊದಲು ಪುಟ್ಟ ಪೆಟ್ಟಿಗೆಯ ಸೀಳಿಗೆ ತೂರಿಸಿ ‘ಟಿಕ್’ ಎನ್ನಿಸಬೇಕು. ಗೇಟಿಲ್ಲ, ತಡೆಯುವವರಿಲ್ಲ, ಹಾಗಾಗಿ ಹೊಸಬರು ಮರೆಯುತ್ತಾರೆ. ಸಾದಾ ಉಡುಪಿನ ತಪಾಸಣೆಯವರು ಬಂದರೆ ಟಿಕೆಟ್ ಕೊಂಡಿದ್ದರೂ 60 ಯೂರೊ ದಂಡ.

ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಯೂರೊವೋ’ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅಂಗಡಿ ಕಡೆಯ ಯಂತ್ರದ್ದು, ದುಬಾರಿ. ಶೌಚಾಲಯಕ್ಕೆ 50 ಸೆಂಟ್, 1 ಯೂರೊ ಚಿಲ್ಲರೆ ಬೇಕು. ನೀರಿನ ಬಾಟಲಿಯನ್ನು ಬಿಸಾಡಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ಮ್ಯೂನಿಕ್‌ನಲ್ಲಿ ಉಳಿದ ದಿನವೂ ರಾತ್ರಿ 8ರ ನಂತರ ಸಾಮಾನು ಸಿಗುವುದು ಕಷ್ಟ. ಗೆಳೆಯನ ಮನೆಯಲ್ಲಿ ಬೆಣ್ಣೆ ದೋಸೆ ಮಾಡುವ ಮಾತಾಗಿದ್ದರೆ ಬೆಣ್ಣೆ ಅಲ್ಲಿಯದೇ ಸಾಕು, ಉಪ್ಪಿಲ್ಲದ್ದು ಕೊಳ್ಳಿ. ಹಿಟ್ಟನ್ನು ಮಾತ್ರ ಶನಿವಾರ ಸಂಜೆಯೊಳಗೆ ರುಬ್ಬಿಬಿಡಿ. ರಾತ್ರಿ 10ರ ನಂತರ ಮತ್ತು ಭಾನುವಾರವಿಡೀ ಅಲ್ಲಿ ಮೌನದ ಹೊತ್ತು, ಮಿಕ್ಸಿ ಸದ್ದಿಗೆ ಕೆಳಮನೆಯವರು ಬಾಗಿಲು ಬಡಿಯುತ್ತಾರೆ. ಚಳಿಗೆ ಹಿಟ್ಟು ಹುಳಿ ಬರುವುದೂ ನಿಧಾನ. ದೀಪ ಹಚ್ಚಿದ ಓವನ್ನಿನೊಳಗೆ ಇಟ್ಟರೆ ಬೆಳಗ್ಗೆಗೆ ಉಬ್ಬಿರುತ್ತದೆ.