ಹಳೆಯ ಗಡಿಯಾರಕ್ಕೆ ಮೊದಲು ಯಾವ ಪುಸ್ತಕ?

ಮಂಗಳೂರಿನ ಬಂದರಿನ ಗುಜರಿ ಅಂಗಡಿಗಳಲ್ಲಿ, ಕೆಡವಲು ಹೊರಟ ಹೆಂಚಿನ ಮನೆಗಳ ಚಾವಡಿಗಳಲ್ಲಿ ನನಗೆ ಸಿಕ್ಕಿರುವ ಕೀಲಿ ಗಡಿಯಾರಗಳು ಹೆಚ್ಚುಕಡಿಮೆ ಒಂದೇ ಅವಧಿಯವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಎರಡನೆಯ ಮಹಾಯುದ್ಧದ ಹೊತ್ತಿನವರೆಗೆ ಜರ್ಮನಿ, ಅಮೆರಿಕ, ಜಪಾನುಗಳ ಕಾರ್ಖಾನೆಗಳಲ್ಲಿ ತಯಾರಾಗಿ ಹಡಗೇರಿ ಬಂದವು. ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ಪುಸ್ತಕಕ್ಕೆ ಹಣ ಹಾಕುವ ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಈ ಕ್ಷೇತ್ರದ ಅತಿ ಹೆಸರುವಾಸಿ ಪುಸ್ತಕಗಳು ನಮ್ಮ ಕೈಗೆ ಸಿಗುವ ಗಡಿಯಾರಗಳ ಬಗ್ಗೆ ಬರೆದವಲ್ಲ.

ಜಿ.ಎಚ್. ಬೇಲಿ 1929ರಲ್ಲಿ ಪ್ರಕಟಿಸಿದ, ಜಗತ್ತಿನ ಗಡಿಯಾರ ತಯಾರಕರ ಹೆಸರುಗಳ ಕೋಶವನ್ನೇ ನೋಡಿ. ಅದರ ಹಿಂದಿನ ದುಡಿಮೆಗೆ ಕೈಮುಗಿಯಬೇಕು. ಆದರೆ ಅದು ಸುಮಾರು 1825ಕ್ಕೆ ನಿಲ್ಲುತ್ತದೆ. ನಮ್ಮ ಚಾವಡಿಯ ಗೋಡೆಯ ಗಡಿಯಾರ ಹುಟ್ಟಿದ್ದು ಅದಾದ ಮೇಲೆ. ಎಫ್.ಜೆ. ಬ್ರಿಟನ್ ಎಂಬವರು ಬರೆದ ಹಳೆಯ ಗಡಿಯಾರಗಳ ಇತಿಹಾಸವೂ ಹಾಗೆಯೇ. 1899ರ ಮೊದಲ ಮುದ್ರಣ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಾನು ಅದನ್ನು ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸ್ಪೈರಲ್ ಬೈಂಡ್ ಮಾಡಿಸಿಕೊಂಡಿದ್ದೇನೆ. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಜೋಡಿಸಿದ ಮೇಲೆ ಏನೆಲ್ಲ ಬದಲಾಯಿತು ಎಂದು ತಿಳಿಯುವುದೇ ಒಂದು ಸುಖ. ಆದರೆ ಕೈಯಲ್ಲಿರುವ ಗಡಿಯಾರ ಯಾರದು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಲ್ಲ.

ಮೊದಲು ಬೇಕಾದುದು ಕಾರ್ಖಾನೆಗಳ ಮುದ್ರೆಗಳ ಪುಸ್ತಕ. ಉಡುಪಿಯ ರಥಬೀದಿಯ ಬಳಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಕಲಿಸಿದ ಕ್ರಮವೂ ಇದೇ: "ಡಯಲ್ ಆಮೇಲೆ ನೋಡಿ ಮಾರಾಯ್ರೇ, ಮೊದಲು ಯಂತ್ರ ಹೊರಗೆ ತೆಗೆಯಿರಿ." ಡಯಲ್ ಮೇಲಿನ ಹೆಸರು ಅನೇಕ ಸಲ ಮಾರಿದವರದು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಹೆಸರು ಇಲ್ಲಿ ಕಂಡರೆ ಆಶ್ಚರ್ಯವಿಲ್ಲ. ಬೊಂಬಾಯಿಯ ವ್ಯಾಪಾರಿಗಳ ಹೆಸರೂ ಇರಬಹುದು. ತಯಾರಿಸಿದವರ ಗುರುತು ಇರುವುದು ಯಂತ್ರದ ಹಿಂಭಾಗದ ಹಿತ್ತಾಳೆ ತಗಡಿನ ಮೇಲೆ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ, ಮೊಬೈಲ್ ಫೋಟೋದಲ್ಲಿ ಕಾಣದ ಗೆರೆಗಳೂ ಮೂಡುತ್ತವೆ.

ಜರ್ಮನ್ ಗಡಿಯಾರಗಳಿಗೆ ನಾನು ನಂಬುವುದು ಹಾನ್ಸ್-ಹೈನ್ರಿಖ್ ಷ್ಮಿಡ್ ಅವರ ಕೋಶವನ್ನು. 1850ರಿಂದ 1980ರವರೆಗಿನ ಜರ್ಮನ್ ಗಡಿಯಾರ ಉದ್ಯಮವೇ ಅದರ ವಿಷಯ. ಭಾಷೆ ಜರ್ಮನ್ ಎಂದು ಹೆದರಬೇಕಿಲ್ಲ. ಮುದ್ರೆಯ ಚಿತ್ರವನ್ನು ಹೊಂದಿಸಿ ನೋಡಲು ಭಾಷೆ ಬೇಡ, ಪಕ್ಕದ ನಾಲ್ಕು ಸಾಲಿಗೆ ನಿಘಂಟು ಸಾಕು. ಎಂಟು ಮೊನೆಯ ನಕ್ಷತ್ರ ಕಂಡರೆ ತಯಾರಕರು ಯುಂಗ್‌ಹಾನ್ಸ್. ಆ ಮುದ್ರೆ ಬಳಕೆಗೆ ಬಂದದ್ದು 1890ರಲ್ಲಿ. 'ಜಿ ಬಿ' ಅಕ್ಷರಗಳು ಇದ್ದರೆ ಗುಸ್ತಾವ್ ಬೆಕರ್. ಬೆಕರ್ ಯಂತ್ರಗಳ ಮೇಲೆ ಕ್ರಮಸಂಖ್ಯೆಯೂ ಇರುತ್ತದೆ, ಹತ್ತು ಲಕ್ಷದ ಗಡಿ ದಾಟಿದ್ದು 1892ರ ಸುಮಾರಿಗೆ. ಆ ಸಂಖ್ಯೆ ಸಿಕ್ಕರೆ ವಯಸ್ಸು ಹೆಚ್ಚುಕಡಿಮೆ ಕೈಗೆ ಬಂದಂತೆಯೇ. ಈ ಕಾರ್ಖಾನೆ ಇದ್ದ ಫ್ರೈಬುರ್ಗ್ ಸಿಲೇಸಿಯಾದ್ದು, ಈಗಿನ ಪೋಲೆಂಡಿನಲ್ಲಿದೆ. ಜರ್ಮನಿಯ ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ಪಕ್ಕದ ಫ್ರೈಬುರ್ಗ್ ಬೇರೆ. ಮಾರುವವರು ಇವೆರಡನ್ನು ಬೆರೆಸುವುದನ್ನು ಈಗಲೂ ಕೇಳುತ್ತೇನೆ. ಇನ್ನು 'ಮೇಡ್ ಇನ್ ಜರ್ಮನಿ' ಎಂದು ಇಂಗ್ಲಿಷಿನಲ್ಲಿ ಇದ್ದರೆ, ಅದು ಬಹುಮಟ್ಟಿಗೆ 1887ರ ಬ್ರಿಟಿಷ್ ಸರಕು ಮುದ್ರೆ ಕಾಯಿದೆಯ ನಂತರದ್ದು.

ಅಮೆರಿಕದ ಗಡಿಯಾರಗಳ ವಿಷಯದಲ್ಲಿ ಕರಾವಳಿಯವರಿಗೆ ಒಂದು ಕಷ್ಟವಿದೆ. ತಯಾರಕರ ವಿವರವಿರುವ ಕಾಗದದ ಚೀಟಿಯನ್ನು ಪೆಟ್ಟಿಗೆಯ ಒಳಗೆ ಅಂಟಿಸಿರುತ್ತಿದ್ದರು. ನಮ್ಮ ಮಳೆಗಾಲದ ತೇವ, ಹುಳುಗಳು ಅದನ್ನು ಉಳಿಸುವುದು ಅಪರೂಪ. ಚೂರು ಉಳಿದಿದ್ದರೂ ಅದು ಬಂಗಾರ: ಸೆತ್ ಥಾಮಸ್ ಕಂಪನಿಯ ಚೀಟಿಯಲ್ಲಿ 'ಪ್ಲಿಮತ್ ಹಾಲೋ' ಎಂದಿದ್ದರೆ ಹಳೆಯದು, 'ಥಾಮಸ್ಟನ್' ಎಂದಿದ್ದರೆ ಊರಿನ ಹೆಸರು ಬದಲಾದ ನಂತರದ್ದು. ಚೀಟಿ ಹೋಗಿದ್ದರೆ ಪೆಟ್ಟಿಗೆಯ ತಳ, ಬೆನ್ನು ನೋಡುತ್ತೇನೆ. ಸುಮಾರು 1881ರಿಂದ 1918ರವರೆಗೆ ಈ ಕಂಪನಿ ಇಸವಿಯನ್ನು ತಿರುಗಿಸಿ, ಜೊತೆಗೆ ತಿಂಗಳಿಗೊಂದು ಅಕ್ಷರ ಸೇರಿಸಿ ಅಚ್ಚು ಹಾಕುತ್ತಿತ್ತು. '9881 ಎಲ್' ಎಂದರೆ 1889ರ ಡಿಸೆಂಬರ್. ಇದನ್ನು ತಿಳಿಸಿದ ಪುಸ್ತಕಕ್ಕೆ ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ.

ಎರಡನೆಯದಾಗಿ ಕಂಪನಿಗಳ ಹಳೆಯ ಮಾರಾಟ ಪಟ್ಟಿಗಳ ಮರುಮುದ್ರಣ. ಟ್ರಾನ್ ಡುಯ್ ಲಿ ಅವರು ಅಮೆರಿಕದ ಒಂದೊಂದು ಕಂಪನಿಗೂ ಇಂಥ ಸಂಪುಟ ತಂದಿದ್ದಾರೆ. ಅವುಗಳಲ್ಲಿರುವ ಬೆಲೆಗಳನ್ನು ನಾನು ಓದುವುದೇ ಇಲ್ಲ. ಅದು ಅಲ್ಲಿನ ಮಾರುಕಟ್ಟೆಯ ಮಾತು. ನನಗೆ ಬೇಕಾದುದು ಚಿತ್ರ. ತಲೆಯ ಮೇಲಿನ ಮರದ ಕಿರೀಟ ಅಸಲಿಯೋ, ಲೋಲಕದ ಬಿಲ್ಲೆ ಅದರದ್ದೇ ಹೌದೋ, ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂರಿಸಿದ್ದಾರೋ ಎಂಬುದು ಚಿತ್ರದ ಎದುರಿಟ್ಟಾಗ ತಿಳಿಯುತ್ತದೆ. 'ನೂರು ವರ್ಷ ಹಳತು' ಎಂದು ಹೊಸ ಮರಕ್ಕೆ ಕಪ್ಪು ಪಾಲಿಶ್ ಬಳಿದು ಮಾರುವುದು ಹೆಚ್ಚಾಗಿರುವಾಗ ಈ ಚಿತ್ರಗಳೇ ಆಸರೆ.

ರಿಪೇರಿಗೆ ಡೊನಾಲ್ಡ್ ಡಿ ಕಾರ್ಲ್ ಅವರ ಪುಸ್ತಕ ಇಟ್ಟುಕೊಂಡಿದ್ದೇನೆ. ಅದರ ರೇಖಾಚಿತ್ರಗಳು ಬಹಳ ಸ್ಪಷ್ಟ. ಆದರೂ ಸುತ್ತಿದ ಸ್ಪ್ರಿಂಗ್ ಬಿಚ್ಚುವುದನ್ನು ಪುಸ್ತಕ ನೋಡಿ ಕಲಿಯಬೇಡಿ. ಬಲ್ಲವರ ಪಕ್ಕ ಕುಳಿತು ಕಲಿಯಿರಿ, ಇಲ್ಲದಿದ್ದರೆ ಬೆರಳು ಹೋಗುತ್ತದೆ.

ಈ ಪುಸ್ತಕಗಳನ್ನು ಆಟಿಯ ಮಳೆಯಲ್ಲಿ ಉಳಿಸುವುದು ಬೇರೆಯೇ ಕೆಲಸ. ಚಿತ್ರಗಳಿರುವ ನುಣುಪು ಕಾಗದ ತೇವ ಎಳೆದರೆ ಪುಟಕ್ಕೆ ಪುಟ ಅಂಟಿ, ಬಿಡಿಸುವಾಗ ಚಿತ್ರ ಕಿತ್ತು ಬರುತ್ತದೆ. ಗೋಡೆಗೆ ತಾಗದ ಉಕ್ಕಿನ ಕಪಾಟಿನಲ್ಲಿ, ಒತ್ತೊತ್ತಾಗಿ ಜೋಡಿಸದೆ ನಿಲ್ಲಿಸಿ, ಸಿಲಿಕಾ ಜೆಲ್ ಇಟ್ಟು, ಬಿಸಿಲು ಬಂದ ದಿನ ಬಾಗಿಲು ತೆರೆದಿಡುತ್ತೇನೆ.

ಯಾವ ಕೋಶದಲ್ಲೂ ಇಲ್ಲದ ಸಂಗತಿಗಳಿಗೆ ಕನ್ನಡದಲ್ಲೊಂದು ದಪ್ಪ ನೋಟುಪುಸ್ತಕ ಇಟ್ಟಿದ್ದೇನೆ. ಗಡಿಯಾರಕ್ಕೊಂದು ಪುಟ: ಪೆನ್ಸಿಲ್ ಉಜ್ಜಿದ ಮುದ್ರೆ, ಡಯಲ್ ಮೇಲಿನ ವ್ಯಾಪಾರಿಯ ಹೆಸರು, ಯಾವ ಊರಿನ ಯಾವ ಮನೆಯದು, ತಂದವರು ಯಾರೆಂದು ಆ ಮನೆಯ ಹಿರಿಯರು ಹೇಳಿದ್ದು. ರಿಪೇರಿ ಮಾಡಿದವರು ತಗಡಿನ ಮೇಲೆ ಮೊನೆಯಿಂದ ಗೀರಿಟ್ಟ ತಾರೀಖುಗಳನ್ನೂ ಬರೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಅಂಥ ಗಡಿಯಾರ ಇದ್ದರೆ, ಮಾರುವ ಮೊದಲು ಅಜ್ಜಿಯನ್ನು ಕೇಳಿ ಇಷ್ಟನ್ನಾದರೂ ಬರೆದಿಡಿ.