ಸಂಪ್ ಸೇರಿಸುವ ಮೊದಲು ಕರೆಂಟ್ ಹೋದಾಗಿನ ಲೆಕ್ಕ ಹಾಕಿ
ಈಗಾಗಲೇ ನಡೆಯುತ್ತಿರುವ ಉಪ್ಪುನೀರಿನ ಅಕ್ವೇರಿಯಂಗೆ ಸಂಪ್ (ಮುಖ್ಯ ಟ್ಯಾಂಕಿನ ಕೆಳಗಿಡುವ ಇನ್ನೊಂದು ತೊಟ್ಟಿ) ಸೇರಿಸುವವರು ಪಂಪ್ ಆರಿಸುವ ಮೊದಲು ಕರೆಂಟ್ ಹೋದರೆ ಏನಾಗುತ್ತದೆ ಅಂತ ಯೋಚಿಸಿ. ಪಂಪ್ ನಿಂತ ಕೂಡಲೇ ಓವರ್‌ಫ್ಲೋ (ಟ್ಯಾಂಕಿನ ನೀರು ಸಂಪಿಗೆ ಇಳಿಯುವ ದಾರಿ) ಅಂಚಿಗಿಂತ ಮೇಲಿರುವ ನೀರೆಲ್ಲ ಸಂಪಿಗೆ ಇಳಿಯುತ್ತದೆ, ಪಂಪಿನಿಂದ ಟ್ಯಾಂಕಿಗೆ ನೀರು ವಾಪಸ್ ತರುವ ರಿಟರ್ನ್ ಪೈಪಿನ ಬಾಯಿ ಆಳಕ್ಕೆ ಮುಳುಗಿದ್ದರೆ ಅದೂ ಸೈಫನ್ ಆಗಿ (ಪಂಪಿಲ್ಲದೆ ತಾನಾಗಿಯೇ) ಇನ್ನಷ್ಟು ನೀರನ್ನು ಕೆಳಗೆಳೆಯುತ್ತದೆ. 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಬರೀ 3 ಸೆಂ.ಮೀ. ಇಳಿದರೂ 18 ಲೀಟರ್! ಅಷ್ಟು ಜಾಗ ಸಂಪಿನಲ್ಲಿ ಯಾವಾಗಲೂ ಖಾಲಿ ಇರಲೇಬೇಕು, ಪೈಪಿನಲ್ಲಿರುವ ನೀರಿಗೆ ಇನ್ನೂ ಸ್ವಲ್ಪ ಜಾಸ್ತಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಿ ಕೂರಬೇಡಿ, ಕಸ ಕಟ್ಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ರಿಟರ್ನ್ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿಡಿ.

ಓವರ್‌ಫ್ಲೋಗೆ ತೂತು ಮಾಡಲು ನೀರು ತುಂಬಿದ ಟ್ಯಾಂಕನ್ನು ಕೊರೆಯಲು ಹೋಗಬೇಡಿ, ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನಂತೂ ಖಾಲಿ ಇದ್ದರೂ ಕೊರೆಯಬಾರದು, ಪುಡಿಪುಡಿಯಾಗುತ್ತದೆ. ಆಗ ಹಿಂದೆ ತೂಗುಹಾಕುವ ಓವರ್‌ಫ್ಲೋ ಬಾಕ್ಸೇ ದಾರಿ. ಆದರೆ ಟ್ಯಾಂಕಿನ ಅಂಚಿನ ಮೇಲಿಂದ ನೀರು ದಾಟಿಸುವ ಅದರ ಯು ಟ್ಯೂಬಿನಲ್ಲಿ ಗಾಳಿ ಸೇರಿ ಸೈಫನ್ ಕಡಿದರೂ ಪಂಪ್ ನೀರು ತಳ್ಳುತ್ತಲೇ ಇರುತ್ತದೆ ಅಲ್ವಾ? ಅದಕ್ಕೇ ಸಂಪಿನಲ್ಲಿ ಪಂಪ್ ಇರುವ ಖಾನೆ ಚಿಕ್ಕದಿರಲಿ, ಅದರ ನೀರೆಲ್ಲ ಮೇಲೆ ಹೋದರೂ ಟ್ಯಾಂಕ್ ತುಂಬಿ ಹರಿಯಬಾರದು.

ಎಲ್ಲ ಜೋಡಿಸಿದ ಮೇಲೆ ಪಕ್ಕದಲ್ಲೇ ನಿಂತು ಪಂಪಿನ ಪ್ಲಗ್ ಕಿತ್ತು ನೋಡಿ. ನೀರು ಇಳಿಯುವುದು ನಿಂತ ಮೇಲೆ ಮತ್ತೆ ಹಾಕಿ, ಸೈಫನ್ ತಾನಾಗಿ ಶುರುವಾಗುತ್ತಾ ಗಮನಿಸಿ. ಪಂಪ್ ಓಡುವಾಗ ಸಂಪಿನಲ್ಲಿ ಎಷ್ಟು ನೀರಿದ್ದರೆ ಸುರಕ್ಷಿತವೋ ಅಲ್ಲಿಗೆ ಮಾರ್ಕರ್‌ನಿಂದ ಗೆರೆ ಎಳೆದು, ಅದಕ್ಕಿಂತ ಮೇಲೆ ಯಾವತ್ತೂ ತುಂಬಬೇಡಿ.